ದೋಣಿ ಮಿಷನ್ನು ಮತ್ತು ಅಜ್ಜಿಯ ಮೂರು ಬೆಳಗು

ಆಗೆಲ್ಲ ನಮ್ಮೂರ ಕೆರೆಯೊಳಗೆ ನೀರಿಗಿಂತ ಹೆಚ್ಚು ದಿನ ಇರುತ್ತಿದ್ದವರು ನಾವು ಮಕ್ಕಳೇ. ಏಳೆಂಟು ವರ್ಷಗಳಿಂದ ಅದು ತುಂಬಿರಲಿಲ್ಲ. ಬಿರುಕು ಬಿಟ್ಟ ಅದರ ಅಂಗಳದಲ್ಲಿ ಕರಟದ ಚೂರು ಎಸೆದು ಕುಂಟೆಬಿಲ್ಲೆ ಆಡಿದ್ದೇವೆ. ಜಾಲಿ ಮರದ ಕೆಳಗೆ ಹುರಿದ ಹುಣಸೆ ಬೀಜ ಹಂಚಿಕೊಳ್ಳಲು ಕೂತು, ಹಂಚಿಕೆ ಸರಿಹೋಗದೆ ಜುಟ್ಟು ಜುಟ್ಟು ಹಿಡಿದುಕೊಂಡಿದ್ದೇವೆ. ಆಚೆ ದಡದ ಹೈಸ್ಕೂಲಿಗೆ ಹೋಗುತ್ತಿದ್ದದ್ದೂ ಕೆರೆಯ ನಡುವಿನ ಗಾಡಿ ಜಾಡಿನಲ್ಲೇ. ಬೇಗ ಬೇಗ ಕಾಲು ಹಾಕಿದರೆ ಅರ್ಧ ಗಂಟೆಯ ದಾರಿ. ದಬ್ಬೇಘಟ್ಟದ ಕಡೆಯಿಂದ ನಾಲೆ ನೀರು ಬಂದೇ ಬರುತ್ತದೆ ಎಂದು ದೊಡ್ಡವರು ವರ್ಷ ವರ್ಷವೂ ಹೇಳುತ್ತಿದ್ದರು. ನಾವು ತಲೆಯಾಡಿಸಿ ಕೆರೆಗೆ ಆಡಲು ಹೋಗುತ್ತಿದ್ದೆವು.

ನಾನು ಹತ್ತನೇ ಕ್ಲಾಸಿಗೆ ಬಂದ ವರ್ಷ ಅದು ಬಂದೇಬಿಟ್ಟಿತು. ದಸರಾ ರಜೆಯಲ್ಲಿ ಮಳೆಯೂ ನಾಲೆಯೂ ಮಾತಾಡಿಕೊಂಡವರಂತೆ ಒಟ್ಟಿಗೆ ಬಂದವು. ಊರಿಗೆ ಊರೇ ಏರಿಯ ಮೇಲೆ ನಿಂತು ನೀರು ನೋಡಿತು. ನಾವಂತೂ ಕುಣಿದಾಡಿದೆವು. ರಜೆ ಮುಗಿದು ಚೀಲ ಹೆಗಲಿಗೇರಿಸಿಕೊಂಡು ಹೊರಟಾಗಲೇ ಗೊತ್ತಾದದ್ದು, ನಮ್ಮ ದಾರಿ ನೀರಿನಡಿಗೆ ಹೋಗಿದೆ ಎಂದು.

ಸುತ್ತು ದಾರಿ ಒಂಬತ್ತು ಕಿಲೋಮೀಟರು. ಬೆಳಿಗ್ಗೆ ಆ ಕಡೆಗೆ ಬಸ್ಸಿರಲಿಲ್ಲ. ಹುಡುಗರು ಸೈಕಲ್ ತುಳಿದರು. ನಾವು ಹುಡುಗಿಯರು ಮೂವರೇ, ನಾನು, ರತ್ನ, ಸಾಕಮ್ಮ. ನಮ್ಮ ಮೂರು ಮನೆಗಳಲ್ಲೂ ಸೈಕಲ್ ಇರಲಿಲ್ಲ, ಇದ್ದಿದ್ದರೂ ನಮಗೆ ಕೊಡುತ್ತಿರಲಿಲ್ಲ ಬಿಡಿ. ಒಂದು ವಾರ ನಡೆದೆವು. ಬೆಳಕು ಹರಿಯುವ ಮುಂಚೆ ಹೊರಟು ಕತ್ತಲಾದ ಮೇಲೆ ಮನೆ ಸೇರುವುದು. ಸಾಕಮ್ಮನ ಕಾಲು ಬೊಬ್ಬೆ ಎದ್ದಿತು. ಎಂಟನೇ ದಿನ ತೋಟದ ಬದುವಿನ ಮೇಲೆ ಕೊಳಕುಮಂಡಲ ಹಾವೊಂದು ಅಡ್ಡ ಬಂದದ್ದನ್ನು ರತ್ನ ಬಾಯಿ ತಡೆಯದೆ ನಮ್ಮಜ್ಜಿಯ ಮುಂದೆ ಒದರಿಬಿಟ್ಟಳು.

"ಸಾಕು ಬುಡು, ಓದಿದ್ದು," ಅಂದಳು ಅಜ್ಜಿ. "ಜೀವ ಉಳುದ್ರೆ ಬ್ಯಾರೆ ಕ್ಯಾಮೆ ಮಾಡ್ಕಂಡು ತಿಂತಾಳೆ."

ನಮ್ಮ ಮನೆಯಲ್ಲಿ ಅಜ್ಜಿ ಅಂದಮೇಲೆ ಆಯಿತು. ಅಪ್ಪ ಆರಡಿ ಆಳು, ಊರಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳುವವರು. ಅಜ್ಜಿಯ ಮುಂದೆ ಮಾತ್ರ, "ಅವ್ವ ಹೇಳ್ದಂಗೆ" ಅನ್ನುವುದೊಂದೇ ಅವರಿಗೆ ಗೊತ್ತಿದ್ದ ಮಾತು. ನಮ್ಮವ್ವ ಒಲೆಯ ಮುಂದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಅಷ್ಟೇ.

"ಯಾರಾದ್ರೂ ದೋಣೀಲಿ ದಾಟಿಸಿದ್ರೆ?" ಎಂದು ನಾನು ಕೇಳಿದೆ. ಕೇಳಬಾರದಿತ್ತು. ಅಜ್ಜಿ ಎದ್ದು ಒಳಗೆ ಹೋದಳು. ಅಪ್ಪನ ಅಕ್ಕ ಒಬ್ಬಳಿದ್ದಳು, ಗೌರಿ ಅಂತ. ನಾನು ಹುಟ್ಟುವ ಎಷ್ಟೋ ವರ್ಷ ಮುಂಚೆ, ಇದೇ ಕೆರೆ ತುಂಬಿದಾಗ, ಗೆಳತಿಯರ ಜೊತೆ ಬಾಳೆದಿಂಡಿನ ತೆಪ್ಪ ಕಟ್ಟಿಕೊಂಡು ನೀರಿಗಿಳಿದಿದ್ದಳು. ನಡುನೀರಲ್ಲಿ ಹಗ್ಗ ಬಿಚ್ಚಿಕೊಂಡಿತು. ಉಳಿದವರು ದಿಂಡು ಹಿಡಿದುಕೊಂಡು ದಡ ಸೇರಿದರು, ಗೌರತ್ತೆ ಸೇರಲಿಲ್ಲ. ಆಗ ಅವಳಿಗೆ ಹದಿನೈದು ತುಂಬಿತ್ತು. ನನಗೂ ಆ ವರ್ಷ ಅಷ್ಟೇ. ಅಂದಿನಿಂದ ಅಜ್ಜಿ ಕೆರೆಯ ನೀರು ಮುಟ್ಟಿದವಳಲ್ಲ. ಬಟ್ಟೆ ಒಗೆಯುವುದೂ ಬಾವಿಯ ಹತ್ತಿರವೇ.

ಇಷ್ಟರಲ್ಲಿ ಹೈಸ್ಕೂಲಿನ ಹೆಡ್‌ಮಾಸ್ಟರು ಒಬ್ಬ ಹುಡುಗನ ಕೈಯಲ್ಲಿ ಚೀಟಿ ಕಳಿಸಿದರು. ದೀಪಾವಳಿ ಕಳೆದು ಎರಡು ವಾರದೊಳಗೆ ನಾವು ಮೂವರೂ ಬಂದು ಕೂತರೆ ಸರಿ, ಇಲ್ಲದಿದ್ದರೆ ಹಾಜರಾತಿ ಸಾಲುವುದಿಲ್ಲ, ಪರೀಕ್ಷೆಗೆ ಕೂರಿಸಲು ತಮ್ಮಿಂದಾಗದು ಎಂದು ಬರೆದಿದ್ದರು. ಆ ಚೀಟಿಯನ್ನು ನಾನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಹರಿದೇಹೋಯಿತು.

ಆಗ ಮುಂದೆ ಬಂದವನು ತಿಮ್ಮಣ್ಣ. ನಮ್ಮ ಪಕ್ಕದ ಮನೆಯವನು. ಮೊದಲು ತೆಂಗಿನ ಮರ ಹತ್ತಿ ಕಾಯಿ ಕೀಳುತ್ತಿದ್ದ. ಒಂದು ಸಲ ಮರದಿಂದ ಬಿದ್ದು ಬಲ ಹೆಗಲು ಮುರಿಯಿತು, ಆ ಕೈ ಎದೆಗಿಂತ ಮೇಲೆ ಏಳುತ್ತಿರಲಿಲ್ಲ. ಆಮೇಲೆ ಕೆರೆಯ ಮೀನು ಗುತ್ತಿಗೆ ಹಿಡಿದಿದ್ದ ದೂರದ ಊರಿನವನೊಬ್ಬನ ದೋಣಿ ನಡೆಸಿಕೊಂಡಿದ್ದ. ಕೆರೆ ಬತ್ತಿದಾಗ ಆ ಗುತ್ತಿಗೆದಾರ ದೋಣಿಯನ್ನೂ ಅದರ ಮಿಷನ್ನನ್ನೂ ಇವನಿಗೇ ಬಿಟ್ಟು ಹೋಗಿದ್ದ. ದೋಣಿ ಹೊಂಗೆ ಮರದಡಿ ಬೋರಲಾಗಿ ಬಿದ್ದಿತ್ತು. ಮಿಷನ್ನು ತಿಮ್ಮಣ್ಣನ ಮನೆಯ ಅಟ್ಟದ ಮೇಲೆ, ಕೊಬ್ಬರಿಗೆ ಒಣಗಲು ಬಿಟ್ಟ ಕಾಯಿಗಳ ನಡುವೆ, ಗೋಣಿ ಹೊದ್ದು ಮಲಗಿತ್ತು.

ಅದನ್ನು ಇಳಿಸುವ ದಿನ ನಾವೆಲ್ಲ ನೋಡಲು ಹೋಗಿದ್ದೆವು. ಅಟ್ಟದಿಂದ ಹೊಗೆಯ, ಒಣಗಾಯಿಯ ಆ ಸಿಹಿ ಕಮಟು ವಾಸನೆ ಬರುತ್ತಿತ್ತು. ಗೋಣಿ ಸರಿಸಿದರೆ ಮಿಷನ್ನು ಮಿರಮಿರ ಮಿಂಚುತ್ತಿದೆ! ತಲೆಯ ಭಾಗಕ್ಕೆ ಹಸಿರು ಬಣ್ಣ, ಅದರ ಮೇಲೆ ಮೂರು ಬೆರಳಿನ ವಿಭೂತಿ, ಒಂದು ಕುಂಕುಮದ ಬೊಟ್ಟು. ವರ್ಷ ವರ್ಷವೂ ಆಯುಧಪೂಜೆಗೆ ಅದನ್ನು ಒರೆಸಿ, ಬಣ್ಣ ಬಳಿದು, ಪೂಜೆ ಮಾಡಿ ಇಟ್ಟಿದ್ದ ಪುಣ್ಯಾತ್ಮ. ನೀರಿಲ್ಲದ ಊರಲ್ಲಿ ಏಳೆಂಟು ವರ್ಷ!

"ತುಕ್ಕು ಅನ್ನೋದು ಹತ್ರ ಸುಳಿದಿಲ್ಲ ಕಣಮ್ಮ," ಎಂದು ಮಗುವನ್ನು ತೋರಿಸುವವನ ಹಾಗೆ ಹೇಳಿದ. "ಹಗ್ಗ ಎಳೆದೂ ಸುರು ಮಾಡ್ಬೋದು, ಸೆಲ್ಫ್ ಹೊಡೆದೂ ಸುರು ಮಾಡ್ಬೋದು. ಹಗ್ಗ ನನ್ ಕೈಲಿ ಆಗಕಿಲ್ಲ. ಸೆಲ್ಫ್ ಐತಲ್ಲ, ಒಂದ್ ಬೆಳ್ಳು ಸಾಕು."

ನಮ್ಮಜ್ಜಿ ಗೋಡೆಗೊರಗಿ ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಏನ್ಲಾ ತಿಮ್ಮ, ನಡುನೀರಾಗೆ ನಿಂತ್‌ಹೋದ್ರೆ?"

"ಮತ್ತೆ ಸೆಲ್ಫ್ ಹೊಡೀತೀನಿ ಕಣವ್ವ."

"ಅದೂ ಹತ್ತದೇ ಹೋದ್ರೆ? ಹಗ್ಗ ಎಳೆಯಕ್ಕೆ ಕೈ ಎಲ್ಲೈತಲಾ ನಿಂಗೆ? ಹುಟ್ಟು ಹಾಕಕ್ಕೆ ಎಲ್ಲೈತೆ? ಮೂರು ಹೆಣ್ಮಕ್ಕಳನ್ನ ಕೂರಿಸ್ಕಂಡು ಆಕಾಸ ನೋಡ್ತೀಯಾ?"

ತಿಮ್ಮಣ್ಣ ಬಲ ಹೆಗಲು ಸವರಿಕೊಂಡ. ದಿನಾ ಜೊತೆಗೆ ಬರುವ ಗಂಡಾಳು ಯಾರಿದ್ದರು? ಅದು ಕಾಯಿ ಕೀಳುವ, ಸುಲಿಯುವ, ರಾಗಿ ಕೊಯ್ಲಿನ ಕಾಲ. ನಾವು ಹುಡುಗಿಯರೇ ಹಗ್ಗ ಎಳೆದು ನೋಡಿದ್ದೂ ಆಯಿತು. ಮೂವರೂ ಸೇರಿ ಎಳೆದರೆ ಅದು ತಿರುಗಿ ಎಳೆದು ರತ್ನಳನ್ನು ಮಕಾಡೆ ಕೆಡವಿತು.

ಅಜ್ಜಿ ಎಲೆ ಮಡಚಿ ಬಾಯಿಗಿಟ್ಟುಕೊಂಡು ತೀರ್ಪು ಕೊಟ್ಟಳು. "ನನ್ ಕಣ್ಣೆದುರಿಗೆ ಮೂರು ಬೆಳಗು, ಇಸ್ಕೂಲಿಗೆ ಹೋಗೋ ಹೊತ್ಗೆ, ತಿಮ್ಮ ಒಬ್ನೇ ಸುರು ಮಾಡ್ಬೇಕು. ಒಂದೇ ಸಲಕ್ಕೆ ಹತ್ಬೇಕು. ಒಂದ್ ಬೆಳಗು ತಪ್ಪುದ್ರೂ ಮತ್ತೆ ಒಂದ್ರಿಂದ."

ಉಳಿದ ಎರಡು ಮನೆಯವರೂ ನಮ್ಮಜ್ಜಿ ಹೂಂ ಅಂದರೆ ತಮ್ಮದೂ ಹೂಂ ಅಂದರು. ನನ್ನ ಹಣೆಬರಹವೆಲ್ಲ ಹೀಗೆ ಆ ಹಸಿರು ಮಿಷನ್ನಿನ ಒಂದು ಗುಂಡಿಗೆ ಬಂದು ನಿಂತಿತು.

ದೋಣಿಯನ್ನು ನೀರಿಗಿಳಿಸಿ, ಮಿಷನ್ನನ್ನು ಅದರ ಹಿಂಬದಿಗೆ ಬಿಗಿದು, ಟ್ರ್ಯಾಕ್ಟರಿನ ಬ್ಯಾಟರಿಯೊಂದನ್ನು ಕೇಳಿ ತಂದು ಇಟ್ಟರು. ತಿಮ್ಮಣ್ಣ ಕೈಮುಗಿದು ಗುಂಡಿ ಒತ್ತಿದ. ಸದ್ದಿಲ್ಲ, ಉಸಿರಿಲ್ಲ. ಕಲ್ಲಿನ ಮೇಲೆ ಕೈ ಇಟ್ಟ ಹಾಗೆ.

ತುರುವೇಕೆರೆಯಿಂದ ಗಫಾರ್ ಸಾಬರನ್ನು ಕರೆಸಿದರು. ಪಂಪ್‌ಸೆಟ್ಟು, ಮೊಪೆಡ್ಡು, ಹಿಟ್ಟಿನ ಗಿರಣಿ, ಏನು ಕೆಟ್ಟರೂ ನಮ್ಮ ಕಡೆಗೆ ಅವರೇ. ಸಣ್ಣ ಆಳು, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್ಲು. ಅಂಗಡಿಯ ಕೆಲಸ ನೋಡಿಕೊಂಡು ಅವರು ನಮ್ಮೂರು ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ಬಂದವರೇ ಮಿಷನ್ನಿನ ಸುತ್ತ ಒಂದು ಸುತ್ತು ಬಂದು, "ಅರೆ, ಮದುವೆ ಹೆಣ್ಣು ಇದ್ದಂಗೆ ಇದೆಯಲ್ರೀ," ಅಂದರು.

ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಪಾಠ. ಬಿಚ್ಚುವುದಕ್ಕೆ ಮುಂಚೆ ಕೇಳುತ್ತಿದ್ದರು, ಮೂಸುತ್ತಿದ್ದರು, ಮುಟ್ಟುತ್ತಿದ್ದರು. "ಕರೆಂಟು ನೀರು ಇದ್ದಂಗೆ ಕಣಮ್ಮ," ಎಂದು ನನಗೆ ಹೇಳಿದರು. "ನಾಲೆ ಎಲ್ಲಿ ಕಟ್ಕಂಡಿದೆ ಅಂತ ಬ್ಯಾಟರಿಯಿಂದ ನೋಡ್ತಾ ಬರೋದು." ಬ್ಯಾಟರಿಯ ತುದಿಗಳಲ್ಲಿ ಹಸಿರು ಕಿಲುಬು ಹಿಡಿದಿತ್ತು, ಬಿಸಿನೀರು ಹುಯ್ದು ಉಜ್ಜಿದರು. ಗುಂಡಿ ಒತ್ತಿದರೆ ಈಗ 'ಟಕ್' ಎಂದಿತು, ಅಷ್ಟೇ. "ಬಾಗಿಲು ತಟ್ತಾ ಇದೆ, ಒಳಗಿನವರು ಎದ್ದಿಲ್ಲ," ಅಂದರು. ಆಮೇಲೆ ದಪ್ಪ ಕಪ್ಪು ತಂತಿಯನ್ನು ಹಿಡಿದುಕೊಂಡು ಹೋಗಿ, ಅದು ಮಿಷನ್ನಿನ ಮೈಗೆ ಸೇರುವ ಕಡೆ ಉಗುರಿನಿಂದ ಕೆರೆದರು. ಹಸಿರು ಬಣ್ಣ ಪದರ ಪದರವಾಗಿ ಎದ್ದಿತು. ಏಳೆಂಟು ಆಯುಧಪೂಜೆಯ ಬಣ್ಣ.

"ತಿಮ್ಮಣ್ಣಾ, ಅರ್ತ್ ವೈರು ಕೂರೋ ಜಾಗಕ್ಕೂ ಬಣ್ಣ ಹೊಡ್ದಿದ್ದೀಯಲ್ಲಪ್ಪ!"

"ಒಂದ್ ಕಡೆ ಬಿಟ್ಟು ಒಂದ್ ಕಡೆ ಹೊಡೆದ್ರೆ ಚೆಂದಾಗಿರ್ತದಾ ಸಾಬ್ರೇ?" ಅಂದ ತಿಮ್ಮಣ್ಣ.

ಸಾಬರು ಬಣ್ಣ ಕೆರೆದು, ತಂತಿ ಬಿಗಿದು, ಮೇಲಿನ ಮುಚ್ಚಳ ತೆಗೆದು ಇಣುಕಿದರು. "ಸೆಲ್ಫಿನ ಬೆಂಡೆಕ್ಸಿಗೆ ಎಣ್ಣೆ ಹಾಕಿ ಒಳ್ಳೇದು ಮಾಡಿದ್ದೀಯ," ಎಂದು ಮೆಚ್ಚಿ ಮುಚ್ಚಿದರು. ಗುಂಡಿ ಒತ್ತಿದರು. ಮಿಷನ್ನು ಗುರ್ರ್ ಎಂದು ಎದ್ದು, ನೀಲಿ ಹೊಗೆ ಉಗುಳಿತು, ದಡದಲ್ಲಿದ್ದ ಎಮ್ಮೆಗಳೆಲ್ಲ ಬಾಲ ಎತ್ತಿಕೊಂಡು ಓಡಿದವು. ನಾನು ಮನೆಗೆ ಹೋಗಿ ಪುಸ್ತಕಗಳಿಗೆ ಹೊಸ ರಟ್ಟು ಹಾಕಿದೆ.

ಮಾರನೆಯ ಬೆಳಿಗ್ಗೆ ಅಜ್ಜಿ ಕಂಬಳಿ ಹೊದ್ದು ಬಂದು ದಡದ ಕಲ್ಲಿನ ಮೇಲೆ ಕೂತಳು. ದೀಪಾವಳಿ ಕಳೆದು ಚಳಿ ಬಿದ್ದಿತ್ತು, ಕೆರೆಯ ಮೇಲೆ ಮಂಜು ಮಲಗಿತ್ತು. ನಾವು ಮೂವರೂ ಎರಡು ಜಡೆ ಬಿಗಿದುಕೊಂಡು, ಹಿತಕಿದ ಬೇಳೆ ಸಾರಿನ ಬುತ್ತಿ ಹಿಡಿದು ಸಾಲಾಗಿ ನಿಂತಿದ್ದೆವು. ತಿಮ್ಮಣ್ಣ ಗುಂಡಿ ಒತ್ತಿದ.

'ಗುಂಯ್...' ಎಂದಿತು. ಒಳಗೆ ಏನೋ ಜೋರಾಗಿ ತಿರುಗುತ್ತಿತ್ತು, ಆದರೆ ಇಂಜಿನ್ನು ಅಲ್ಲಾಡಲಿಲ್ಲ. ಮತ್ತೆ ಒತ್ತಿದ. ಗುಂಯ್. ಮತ್ತೆ ಗುಂಯ್. ಅಜ್ಜಿ ಎದ್ದು ಸೀರೆಯ ಹಿಂಬದಿ ಕೊಡವಿಕೊಂಡು ಮನೆಗೆ ನಡೆದಳು.

ಮಧ್ಯಾಹ್ನ ಸಾಬರು ಬಂದು ಗುಂಡಿ ಒತ್ತಿದರೆ, ಒಂದೇ ಸಲಕ್ಕೆ ಗುರ್ರ್!

ಎರಡು ದಿನ ಬಿಟ್ಟು ಮತ್ತೆ ನೋಡಿದೆವು. ಬೆಳಿಗ್ಗೆ ಗುಂಯ್, ಮಧ್ಯಾಹ್ನ ಗುರ್ರ್. ಊರಿನವರಿಗೆ ನಗುವೋ ನಗು. ಅದು ಸೋಮಾರಿ ಮಿಷನ್ನು, ಮುದ್ದೆ ಉಂಡ ಮೇಲೇ ಏಳುವುದು ಅಂದರು ಕೆಲವರು. ನಮ್ಮಜ್ಜಿಯ ಕಣ್ಣು ತಾಗಿದೆ ಅಂದರು ಕೆಲವರು. ತಿಮ್ಮಣ್ಣ ದೋಣಿಗೆ ನಿಂಬೆಹಣ್ಣು ಕಟ್ಟಿದ. ಗಫಾರ್ ಸಾಬರು ಮಾತ್ರ ನಗಲಿಲ್ಲ. "ನಾನು ಬಂದಾಗ ಸರಿ ಇರೋ ಕಾಯಿಲೇನ ನಾನು ಹೆಂಗೆ ವಾಸಿ ಮಾಡ್ಲಿ?" ಎಂದು ತಲೆ ಕೆರೆದುಕೊಂಡು ಹೋದರು.

ಹೆಡ್‌ಮಾಸ್ಟರು ಕೊಟ್ಟ ಎರಡು ವಾರದಲ್ಲಿ ಉಳಿದಿದ್ದದ್ದು ಒಂದೇ ವಾರ. ಅವತ್ತು ಸಂಜೆ ಅಜ್ಜಿ ನನ್ನನ್ನು ಕರೆದು, ನಾಳೆಯಿಂದ ಅವರೆಕಾಯಿ ಬಿಡಿಸಲು ಬಾ ಅಂದಳು. ನನಗೆ ಎಲ್ಲಿತ್ತೋ ಆ ಸಿಟ್ಟು.

"ಗೌರತ್ತೆ ಮುಳುಗಿದ್ದಕ್ಕೆ ನಾನ್ಯಾಕೆ ಮನೇಲಿ ಕೂರ್ಬೇಕು?" ಎಂದುಬಿಟ್ಟೆ. "ಅವಳನ್ನ ನೀನು ನೋಡ್ಕಬೇಕಿತ್ತು!"

ಅವ್ವ ಸೌಟು ಎತ್ತಿಕೊಂಡು ಬಂದಳು. ಅಜ್ಜಿ ಕೈಯಡ್ಡ ಮಾಡಿ ಅವಳನ್ನು ತಡೆದಳು. ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಬಿಡಿಸುತ್ತಿದ್ದ ಅವರೆಕಾಯಿಯನ್ನು ಹಾಗೇ ಬಿಡಿಸುತ್ತಾ ಕೂತಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ, ಕಾಳಿನ ಬಟ್ಟಲಿಗೆ ಸಿಪ್ಪೆಯನ್ನೂ ಸಿಪ್ಪೆಯ ಮೊರಕ್ಕೆ ಕಾಳನ್ನೂ ಹಾಕುತ್ತಿದ್ದಳು.

ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಹೊರಗೆ ಮೊಪೆಡ್ಡಿನ ಸದ್ದು. ಗಫಾರ್ ಸಾಬರು! ಕಿವಿ ಮುಚ್ಚುವ ಉಲ್ಲನ್ ಟೋಪಿ, ಮೂಗಿನ ತುದಿ ಕೆಂಪು. ಬೆಳಗಿನ ನಮಾಜು ಮುಗಿಸಿ, ಅಂಗಡಿ ಬಾಗಿಲು ತೆಗೆಯದೆ, ಆ ಚಳಿಯಲ್ಲಿ ಅಷ್ಟು ದೂರ ಬಂದಿದ್ದರು. "ಕಾಯಿಲೆ ಬರೋ ಹೊತ್ತಿಗೇ ಡಾಕ್ಟ್ರೂ ಬರ್ಬೇಕಲ್ವಾ," ಅಂದರು. "ಎಲ್ಲಿ ನಿಮ್ಮಜ್ಜಿ? ಅವ್ರೂ ಬರ್ಲಿ."

ನಾನು ತಲೆ ಬಾಚದೆ ಓಡುವಂತಿರಲಿಲ್ಲ, ಅವ್ವ ಬಿಡಲಿಲ್ಲ. ಚಳಿಗೆ ಎಣ್ಣೆ ಸೀಸೆಯಲ್ಲಿ ಕಲ್ಲಾಗಿತ್ತು. ಅದನ್ನು ಒಲೆಯ ಬದಿಗಿಟ್ಟು, ಕರಗುವವರೆಗೆ ಕಾಲು ಕುಣಿಸುತ್ತಾ ಕಾದು, ಅರ್ಧಂಬರ್ಧ ಜಡೆಯಲ್ಲೇ ಕೆರೆಗೆ ಓಡಿದೆ.

ಸಾಬರು ಆಗಲೇ ಮುಚ್ಚಳ ತೆಗೆದಿದ್ದರು. ತಿಮ್ಮಣ್ಣ ಗುಂಡಿ ಒತ್ತಿದ, ಗುಂಯ್ ಎಂದಿತು. "ನಿಲ್ಸು ನಿಲ್ಸು, ಇನ್ನೊಂದ್ಸಲ," ಎಂದು ಸಾಬರು ಬಾಗಿದರು. ನನಗೂ ತೋರಿಸಿದರು. ಒಂದು ಉದ್ದ ಕಡ್ಡಿಗೆ ಸ್ಕ್ರೂವಿನಂತೆ ಸುರುಳಿ ಗೆರೆ, ಅದಕ್ಕೆ ಪೋಣಿಸಿದ ಚಿಕ್ಕ ಹಲ್ಲಿನ ಚಕ್ರ. ಅದೇ ಬೆಂಡೆಕ್ಸು. ಸೆಲ್ಫ್ ತಿರುಗಿದ ಕೂಡಲೇ ಆ ಚಕ್ರ ಸುರುಳಿ ಹತ್ತಿಕೊಂಡು ಮೇಲೆ ಹಾರಿ, ಇಂಜಿನ್ನಿನ ದೊಡ್ಡ ಚಕ್ರವನ್ನು ಕಚ್ಚಿ ತಿರುಗಿಸಬೇಕು. ಇದು ಹಾರುತ್ತಲೇ ಇರಲಿಲ್ಲ. ಇದ್ದಲ್ಲೇ ಗಿರಗಿರ ತಿರುಗುತ್ತಿತ್ತು.

ಸುರುಳಿಯ ಸಂದಿನಲ್ಲೆಲ್ಲ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಸಾಬರು ಸ್ಕ್ರೂಡ್ರೈವರಿನ ತುದಿಯಿಂದ ಕೆರೆದು, ಬೆರಳಿಗೆ ಹಚ್ಚಿಕೊಂಡು ಹುಬ್ಬು ಗಂಟಿಕ್ಕಿದರು. "ಇದ್ಯಾವ ಗ್ರೀಸು? ಮಧ್ಯಾಹ್ನ ನೋಡಿದಾಗ ಇರ್ಲಿಲ್ವಲ್ಲ ಇದು!"

ನನಗೆ ಮೂಗಿಗೆ ಹತ್ತಿರ ತರುವುದೂ ಬೇಕಾಗಲಿಲ್ಲ. ಆಗ ತಾನೇ ಅದನ್ನೇ ಕಾಯುತ್ತಾ ಒಲೆಯ ಮುಂದೆ ನಿಂತಿದ್ದವಳು ನಾನು.

"ಗ್ರೀಸಲ್ಲ ಸಾಬ್ರೇ, ಕೊಬ್ಬರಿ ಎಣ್ಣೆ! ಚಳೀಗೆ ಹೆಪ್ಪುಗಟ್ಟೈತೆ. ಬಿಸ್ಲು ಬಂದ್ರೆ ಕರಗ್ತದೆ!"

ಎಲ್ಲರೂ ತಿಮ್ಮಣ್ಣನ ಕಡೆ ತಿರುಗಿದರು. ಪಾಪ, ಅವನು ನೆಲ ನೋಡುತ್ತಾ, "ವರ್ಸಾ ವರ್ಸಾ ಹಾಕ್ತಿದ್ದೆ," ಅಂದ. "ಮನೇದೇ, ಗಾಣದ್ದು. ಅಂಗಡಿ ಎಣ್ಣೆ ಅಲ್ಲ. ಕೊಬ್ಬರಿ ಎಣ್ಣೆ ಹಾಕಿದ್ರೆ ಕೆಡ್ತದಾ ಏನಾದ್ರೂ?"

ನಮ್ಮ ಸೀಮೆಯವನಲ್ಲದೆ ಬೇರೆ ಯಾರು ಈ ತಪ್ಪು ಮಾಡಿಯಾರು ಹೇಳಿ! ತಲೆಗೆ, ಹಿಮ್ಮಡಿಗೆ, ಎತ್ತಿನ ಹೆಗಲಿಗೆ, ಬಾಗಿಲ ತಿರುಗಣಿಗೆ, ಎಲ್ಲಕ್ಕೂ ಅದೇ ಎಣ್ಣೆ ಹಾಕಿ ಬದುಕಿದವರು ನಾವು. ಯಾರಿಗೂ ನಗು ಬರಲಿಲ್ಲ. ಸಾಬರೇ ಅವನ ಬೆನ್ನು ತಟ್ಟಿದರು.

"ತಪ್ಪು ನಂದೂ ಇದೆ ತಿಮ್ಮಣ್ಣ. ಮಧ್ಯಾಹ್ನ ಹೊಳೀತಿತ್ತು, ಮಿಷನ್ ಎಣ್ಣೆ ಅಂದ್ಕೊಂಡೆ. ಪ್ರೀತಿ ಹೆಚ್ಚಾಗಿ ಕೈಕಾಲು ಕಟ್ಟಿ ಹಾಕಿದ್ದೀಯ, ಅಷ್ಟೇ."

ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಸುರುಳಿಯನ್ನೆಲ್ಲ ಒರೆಸಿದರು. ಅವರ ಮನೆಯಲ್ಲಿ ಹೊಲಿಗೆ ಮಿಷನ್ನಿತ್ತು, ಅದರ ತೆಳು ಎಣ್ಣೆಯ ಪುಟ್ಟ ಡಬ್ಬಿ ಚೀಲದಲ್ಲಿತ್ತು. ಎರಡೇ ಹನಿ ಬಿಟ್ಟರು. "ಈಗ ಒತ್ತು."

ಮಂಜಿನ ನಡುವೆ, ಆ ಕೊರೆಯುವ ಚಳಿಯಲ್ಲಿ, ಮಿಷನ್ನು ಗುರ್ರ್ ಎಂದಿತು. ರತ್ನ, ಸಾಕಮ್ಮ, ನಾನು ಒಬ್ಬರನ್ನೊಬ್ಬರು ತಬ್ಬಿಕೊಂಡು ಕಿರುಚಿದೆವು. ನಾನು ಅಜ್ಜಿಯ ಮುಖ ನೋಡಿದೆ.

"ಒಂದು," ಅಂದಳು ಅಜ್ಜಿ.

"ಅಜ್ಜೀ!" ಎಂದು ಮೂವರೂ ರಾಗ ಎಳೆದೆವು.

"ಒಂದು ಅಂದ್ರೆ ಒಂದೇ ಕಣ್ರೇ. ಮೂರು ಅಂತ ಮಾತು."

ಮಾರನೆಯ ದಿನ ಎರಡು. ಅದರ ಮಾರನೆಯ ದಿನ ಮೂರು. ಗಫಾರ್ ಸಾಬರು ಆ ಎರಡು ಬೆಳಗೂ ಬಂದರು. ಯಾರೂ ಕರೆದಿರಲಿಲ್ಲ. ದಡದಲ್ಲಿ ನಿಂತು ಸದ್ದು ಕೇಳಿ, ಅವ್ವ ಕೊಟ್ಟ ಕಾಫಿ ಕುಡಿದು, ಅಂಗಡಿ ತೆಗೆಯಲು ಓಡಿದರು. ಇವತ್ತಿಗೂ ಅದನ್ನು ನೆನೆದರೆ ನನ್ನ ಎದೆ ತುಂಬುತ್ತದೆ. ನಮ್ಮ ಮೂವರಲ್ಲಿ ಯಾರೂ ಅವರಿಗೆ ನೆಂಟರಲ್ಲ, ಇಷ್ಟರಲ್ಲ.

ನಾಲ್ಕನೆಯ ಬೆಳಿಗ್ಗೆ ನಾವು ದೋಣಿ ಹತ್ತಿ ಕೂತೆವು. ತಿಮ್ಮಣ್ಣ ಹಗ್ಗ ಬಿಚ್ಚಬೇಕು, ಅಷ್ಟರಲ್ಲಿ ಅಜ್ಜಿ ಒಂದು ಗೋಣಿಚೀಲ ಎಳೆದುಕೊಂಡು ಬಂದಳು.

"ತಡೀಲಾ. ನಾನೂ ಬತ್ತೀನಿ."

ನೀರಿನ ಅಂಚಿಗೆ ಬಂದು ಅಜ್ಜಿ ಒಂದು ಗಳಿಗೆ ನಿಂತಳು. ಆಮೇಲೆ ಸೀರೆ ಎತ್ತಿ ಹಿಡಿದು, ಪಾದ ಮುಳುಗುವ ನೀರಿನಲ್ಲಿ ಕಾಲಿಟ್ಟು, ಕಳಿಸಲು ಬಂದು ದಡದಲ್ಲಿದ್ದ ಅಪ್ಪನ ಕೈ ಹಿಡಿದು ದೋಣಿ ಹತ್ತಿದಳು. ಅಪ್ಪ ಮುಖ ಆಚೆ ತಿರುಗಿಸಿಕೊಂಡರು.

ಅರ್ಧ ಕೆರೆ ದಾಟಿದ್ದೆವು. ಎರಡೂ ದಡ ಒಂದೇ ದೂರ.

"ತಿಮ್ಮ, ನಿಲ್ಸು," ಅಂದಳು ಅಜ್ಜಿ.

"ಅವ್ವಾ, ಇಲ್ಲಾ?"

"ಇಲ್ಲೇ."

ಮಿಷನ್ನು ನಿಂತಿತು. ಅಂಥ ನಿಶ್ಶಬ್ದವನ್ನು ನಾನು ಮೊದಲು ಕೇಳಿರಲಿಲ್ಲ. ದೋಣಿಯ ಮೈಗೆ ನೀರು ಬಡಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಅಜ್ಜಿ ಗೋಣಿಚೀಲ ಬಿಚ್ಚಿದಳು. ಒಳಗಿದ್ದದ್ದು ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿ, ಆರು. ಎರಡೆರಡನ್ನು ಜೋಡಿ ಮಾಡಿ ತೆಂಗಿನ ನಾರಿನ ಹುರಿಯಿಂದ ಕಟ್ಟಿದ್ದಳು. ಬಾವಿಯಲ್ಲಿ ಈಜು ಕಲಿಯುವ ಮಕ್ಕಳಿಗೆ ಮುಳುಗದಂತೆ ಕಟ್ಟುತ್ತಾರಲ್ಲ, ಹಾಗೆ. ಸಾಕಮ್ಮನಿಗೆ ಒಂದು ಜೋಡಿ, ರತ್ನಳಿಗೆ ಒಂದು ಜೋಡಿ, ಕೊನೆಗೆ ನನ್ನ ಕಂಕುಳಡಿಗೆ ಒಂದು ಜೋಡಿ ಕಟ್ಟಿ, ಗಂಟನ್ನು ಎರಡೆರಡು ಸಲ ಎಳೆದು ನೋಡಿದಳು. ರತ್ನ ಕಿಸಕ್ಕನೆ ನಕ್ಕಳು, ನನಗೂ ನಗು ಬಂತು. ಲಂಗ ದಾವಣಿಯ ಮೇಲೆ ಕಾಯಿ ಕಟ್ಟಿಕೊಂಡು ಕೂತ ನಾವು!

ಅಜ್ಜಿ ಬಾಗಿ ಬೊಗಸೆಯಲ್ಲಿ ಒಂದಿಷ್ಟು ನೀರು ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡು ಮೆಲ್ಲಗೆ ಕೆರೆಗೇ ಬಿಟ್ಟಳು. "ಈ ಮಕ್ಕಳನ್ನ ಬುಟ್‌ಬುಡು ತಾಯಿ," ಅಂದಳು. ಆಮೇಲೆ ತಿಮ್ಮಣ್ಣನ ಕಡೆ ತಿರುಗಿ, "ಹೂಂ. ಈಗ ಸುರು ಮಾಡು," ಅಂದಳು.

ತಿಮ್ಮಣ್ಣ ಎಡಗೈಯನ್ನು ಲುಂಗಿಗೆ ಒರೆಸಿಕೊಂಡು ಗುಂಡಿ ಒತ್ತಿದ. ಒಂದೇ ಸಲಕ್ಕೆ ಹತ್ತಿತು. ಅಜ್ಜಿ ಮುಚ್ಚಿದ ಕಣ್ಣನ್ನು ಆಚೆ ದಡ ಬರುವವರೆಗೂ ಬಿಡಲಿಲ್ಲ. ನಾವು ಇಳಿದಾಗ ಕಾಯಿಗಳನ್ನು ಬಿಚ್ಚಿ ಚೀಲಕ್ಕೆ ತುಂಬಿಕೊಂಡು, "ಹೋಗ್ರಿ, ಗಂಟೆ ಹೊಡೆದ್‌ಬುಡ್ತಾರೆ," ಎಂದು ಗದರಿದಳು. ಅವತ್ತು ಸಂಜೆ ಗೌರತ್ತೆಯ ವಿಷಯಕ್ಕೆ ಆಡಿದ ಮಾತಿಗೆ ನಾನು ತಪ್ಪಾಯಿತು ಎನ್ನಲಿಲ್ಲ. ನಮ್ಮ ಮನೆಗಳಲ್ಲಿ ಹಾಗೆಲ್ಲ ಹೇಳುವ ಅಭ್ಯಾಸವಿರಲಿಲ್ಲ, ಮತ್ತು ನನಗೆ ನಿಜವಾಗಿ ಗಂಟೆಯದೇ ಚಿಂತೆಯಾಗಿತ್ತು.

ಬೇಸಿಗೆಯವರೆಗೂ ತಿಮ್ಮಣ್ಣ ನಮ್ಮನ್ನು ದಾಟಿಸಿದ. ಮೂವರೂ ಪಾಸಾದೆವು. ನಾನು ಎಸ್‌ಎಸ್‌ಎಲ್‌ಸಿಯ ಆ ಒಂದು ಕಾಗದ ಹಿಡಿದುಕೊಂಡು ನರ್ಸಮ್ಮನ ಟ್ರೇನಿಂಗಿಗೆ ಸೇರಿದೆ. ಕಂದಿಕೆರೆ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಕೂಸುಗಳಿಗೆ ಲಸಿಕೆ ಹಾಕಿದೆ, ಎಷ್ಟೋ ಬಾಣಂತಿಯರ ಮನೆಯಲ್ಲಿ ಕಾಫಿ ಕುಡಿದೆ. ನನ್ನ ಕೈಯಾರೆ ದುಡಿದು ಉಂಡ ಅನ್ನದ ಒಂದೊಂದು ಅಗುಳಿನ ಹಿಂದೆಯೂ ಒಂದು ಕೈ ಏಳದ ತಿಮ್ಮಣ್ಣನಿದ್ದಾನೆ, ಚಳಿಯಲ್ಲಿ ಬಂದ ಗಫಾರ್ ಸಾಬರಿದ್ದಾರೆ. ಆಗ ಇಂಥವರು ಊರಿಗೆ ನಾಲ್ಕು ಜನ ಇರುತ್ತಾರೆ ಅಂದುಕೊಂಡಿದ್ದೆ. ಈಗ ಹುಡುಕಬೇಕು.

ಹೋದ ವರ್ಷ ನನ್ನ ಮಗಳನ್ನು ತುಮಕೂರಿನಲ್ಲಿ ಈಜು ಕಲಿಯಲು ಸೇರಿಸಿದೆ. ಅವಳ ಸೊಂಟಕ್ಕೆ ಕೆಂಪು ಪ್ಲಾಸ್ಟಿಕ್ಕಿನ ಬೆಂಡು ಕಟ್ಟಿದರು. ಅದನ್ನು ನೋಡಿ ಈ ಕಥೆಯನ್ನೆಲ್ಲ ಅವಳಿಗೆ ಹೇಳಿದೆ. ಕಾಯಿ ಕಟ್ಟಿಕೊಂಡ ಭಾಗಕ್ಕೆ ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ತಲೆ ಒರೆಸಿಕೊಳ್ಳುತ್ತಾ ಕೇಳಿದಳು, "ಅಮ್ಮ, ಮುತ್ತಜ್ಜಿಗೆ ಈಜು ಬರ್ತಿತ್ತಾ?"

"ಇಲ್ಲ ಕಣೇ."

"ಮತ್ತೆ ಅವ್ರಿಗೆ ಯಾವ ಕಾಯಿ ಕಟ್ಟಿದ್ರು?"

ನಾನು ಬೆರಳು ಮಡಚಿ ಎಣಿಸಿದೆ. ಕಾಯಿ ಇದ್ದದ್ದು ಆರು. ನಾವು ಹುಡುಗಿಯರು ಮೂವರು. ಅಟ್ಟದ ತುಂಬ ಕಾಯಿ ಇದ್ದ ನಮ್ಮ ಮನೆಯಿಂದ ಅಜ್ಜಿ ತನಗೆಂದು ಒಂದೂ ತಂದಿರಲಿಲ್ಲ. ನಡುನೀರಿನಲ್ಲಿ ಮಿಷನ್ನು ಹತ್ತದೇ ಹೋಗಿ ಏನಾದರೂ ಆಗಿದ್ದರೆ ಯಾರು ತೇಲಬೇಕು, ಯಾರು ಮುಳುಗಬೇಕೆಂದು ಅವಳು ಆಗಲೇ ತೀರ್ಮಾನ ಮಾಡಿಕೊಂಡು ಬಂದಿದ್ದಳು. ಈ ಸಣ್ಣ ಲೆಕ್ಕ ಇಷ್ಟು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲವಲ್ಲ! ಈಜುಕೊಳದ ಪಕ್ಕ ಕೂತು, ಬಂದು ಹೋಗುವವರ ಎದುರಿಗೇ, ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಅಜ್ಜಿ ಇಲ್ಲವಾಗಿ ಬಹಳ ವರ್ಷವಾಯಿತು. ತಿಮ್ಮಣ್ಣನೂ ಇಲ್ಲ, ಗಫಾರ್ ಸಾಬರೂ ಇಲ್ಲ. ಕೆರೆಗೆ ಸೇತುವೆ ಬಂದಿದೆ. ಊರಿನ ಹೆಣ್ಣುಮಕ್ಕಳೆಲ್ಲ ಬಸ್ಸಿನಲ್ಲಿ ಕೂತು ಹೈಸ್ಕೂಲಿಗೆ ಹೋಗುತ್ತಾರೆ, ಯಾರೂ ಯಾರನ್ನೂ ದಾಟಿಸಬೇಕಾಗಿಲ್ಲ. ಒಳ್ಳೆಯದೇ ಆಯಿತು, ಚೆನ್ನಾಗಿರಲಿ. ಊರಿಗೆ ಹೋದಾಗಲೆಲ್ಲ ನಾನು ಕಿಟಕಿಯ ಪಕ್ಕದ ಸೀಟು ಹಿಡಿಯುತ್ತೇನೆ. ಎರಡೂ ದಡ ಒಂದೇ ದೂರವಾಗುವ ಆ ಜಾಗ ಬಂದಾಗ ನೀರು ನೋಡುತ್ತಾ, "ಅಜ್ಜೀ, ಅವತ್ತು ಹಂಗೆ ಅನ್ಬಾರ್ದಾಗಿತ್ತು ಕಣೇ, ತಪ್ಪಾಯ್ತು," ಎಂದು ಒಳಗೊಳಗೇ ಶುರು ಮಾಡುತ್ತೇನೆ. ಮಾತು ಮುಗಿಯುವುದರೊಳಗೆ ಬಸ್ಸು ಆಚೆ ದಡ ಸೇರಿಬಿಟ್ಟಿರುತ್ತದೆ.